ದಿ ಸ್ಪೆಕ್ಟ್ರಮ್: ಕೀಬೋರ್ಡ್ ಭೇಷ್, ಕ್ಯಾಸೆಟ್ ಕಿಂಡಿ ಎಲ್ಲಿ?

ದಿ ಸ್ಪೆಕ್ಟ್ರಮ್ ಅಂದರೆ 80ರ ದಶಕದ ಒಂದು ಮನೆ ಕಂಪ್ಯೂಟರಿನ ಹೊಸ ನಕಲು. ಆಟ ಆಡಲಿಕ್ಕೆ ಅಂತ ಈ ಡಬ್ಬಿ ತಗೊಳ್ಳಬೇಡಿ. ಹತ್ತು ಸಾವಿರದ ಆಜುಬಾಜು ದುಡ್ಡು ಸುರಿದು ಆಡುವಂಥ ಆಟ ಇದರಲ್ಲಿಲ್ಲ. ಆದರೆ ಆ ಕಾಲದಲ್ಲಿ ಸ್ಪೆಕ್ಟ್ರಮ್ ಕೀಬೋರ್ಡ್ ಮೇಲೆ ಬೇಸಿಕ್ ಅನ್ನುವ ಪ್ರೋಗ್ರಾಮ್ ಭಾಷೆ ಕಲಿತವರು ನೀವಾಗಿದ್ದರೆ, ಇಲ್ಲಾ ಮನೆಯಲ್ಲಿ "ಕಂಪ್ಯೂಟರ್ ಒಳಗೆ ಏನ್ ನಡೀತದೆ" ಅಂತ ತಲೆ ತಿನ್ನುವ ಮಗು ಇದ್ದರೆ, ಮುಂದೆ ಓದಿ.

ನಾನು ಬಳ್ಳಾರಿಯ ಕೌಲ್ ಬಜಾರ್ ಕಡೆಯವನು. ಟಿವಿ, ಆಂಪ್ಲಿಫೈಯರ್, ಟೇಪ್ ರೆಕಾರ್ಡರ್ ರಿಪೇರಿ ನನ್ನ ಕಸುಬು. ಟೇಪ್ ರೆಕಾರ್ಡರ್ ಈಗ ಯಾರೂ ತರುವುದಿಲ್ಲ, ಆದರೂ ಬೋರ್ಡಿನಲ್ಲಿ ಆ ಸಾಲು ಅಳಿಸಿಲ್ಲ. ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. "ಮಾಮಾ, ನಿಮ್ಮ ಹಳೇ ಕಂಪ್ಯೂಟರ್ ಹೊಸದಾಗಿ ಮಾಡಿ ಮಾರ್ತಿದಾರೆ, ತರ್ಲಾ?" ಅಂತ ಫೋನ್ ಮಾಡಿದ. ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ. ರೆಟ್ರೋ ಗೇಮ್ಸ್ ಅನ್ನುವ ಬ್ರಿಟಿಷ್ ಕಂಪನಿ 2024ರ ನವೆಂಬರ್‌ನಲ್ಲಿ ಬಿಟ್ಟ ಸಾಮಾನು ಇದು. ಅಲ್ಲಿನ ಬೆಲೆ 89.99 ಪೌಂಡ್. ಮೇಲೆ ಬರೀ "ದಿ ಸ್ಪೆಕ್ಟ್ರಮ್" ಅಂತ ಬರೆದಿದೆ. ಸಿಂಕ್ಲೇರ್ ಅನ್ನುವ ಹೆಸರು ಎಲ್ಲೂ ಇಲ್ಲ. ಅಕ್ಷರದ ಆಕಾರ, ಮೂಲೆಯಲ್ಲಿ ಓರೆಯಾಗಿ ಹೋಗುವ ಬಣ್ಣದ ಪಟ್ಟೆ, ಎಲ್ಲ ಹಳೆಯದರ ಹಾಗೇ.

ಗೊತ್ತಿಲ್ಲದವರಿಗೆ ಎರಡು ಮಾತು. ಮೂಲ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಬಂದದ್ದು 1982ರ ಏಪ್ರಿಲ್‌ನಲ್ಲಿ, ಕ್ಲೈವ್ ಸಿಂಕ್ಲೇರ್ ಅವರ ಕಂಪನಿಯಿಂದ. 16ಕೆ, ಅಂದರೆ 16 ಕಿಲೋಬೈಟ್ ಮೆಮೊರಿಯದಕ್ಕೆ 125 ಪೌಂಡ್, 48ಕೆ ಇರುವುದಕ್ಕೆ 175. ಒಳಗೆ 3.5 ಮೆಗಾಹರ್ಟ್ಸ್‌ನ ಜೆಡ್80 ಅನ್ನುವ ಪ್ರೊಸೆಸರ್ ಚಿಪ್. ಈಗ ನಾವು ವಾಟ್ಸಾಪ್‌ನಲ್ಲಿ ಕಳಿಸುವ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಆ 48ಕೆಯಲ್ಲಿ ಹಿಡಿಸುವುದಿಲ್ಲ. ಪರದೆ ಅಂದರೆ ಮನೆಯ ಟಿವಿ, ಪ್ರೋಗ್ರಾಮ್ ಉಳಿಸುವ ಡಿಸ್ಕ್ ಅಂದರೆ ಮನೆಯ ಟೇಪ್ ರೆಕಾರ್ಡರ್. ಅದಕ್ಕೇ ಅಗ್ಗವಾಗಿ ಕೊಡಲು ಆಯಿತು, ಅದಕ್ಕೇ ಅದು ನನ್ನಂಥ ರಿಪೇರಿಯವರ ಕೈಗೂ ಬಂತು.

ನಮ್ಮ ದೇಶದಲ್ಲಿ 80ರ ದಶಕದ ಕೊನೆಗೆ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್‌ನವರು ಇದನ್ನೇ "ಡಿಬಿ ಸ್ಪೆಕ್ಟ್ರಮ್ ಪ್ಲಸ್" ಅಂತ ಮಾರಿದರು. ಆಗ ನಾನು ಒಂದು ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಊರಿನ ಒಂದು ಕಂಪ್ಯೂಟರ್ ಕ್ಲಾಸಿನವರು ತಮ್ಮ ಮಷಿನ್‌ಗಳನ್ನು ನಮ್ಮಲ್ಲಿಗೆ ತರುತ್ತಿದ್ದರು. ಹಾಳಾಗುತ್ತಿದ್ದದ್ದು ಹೆಚ್ಚಾಗಿ ಕೀಬೋರ್ಡ್. ಒಳಗಿನ ಪ್ಲಾಸ್ಟಿಕ್ ಹಾಳೆಯ ಬಾಲ ಒಣಗಿ, ಸೀಳು ಬಿಟ್ಟು, ಒಂದು ಸಾಲಿನ ಕೀಗಳೇ ಸತ್ತುಹೋಗುತ್ತಿದ್ದವು. ನಮ್ಮೂರ ಬಿಸಿಲಿಗೆ ಕೇಳಬೇಕೇ! ರಿಪೇರಿ ದುಡ್ಡಿನ ಬದಲು ಸಂಜೆ ಕ್ಲಾಸಿಗೆ ಬಿಡಿ ಅಂತ ಕೇಳಿಕೊಂಡೆ, ಹೂಂ ಅಂದರು.

ಇದನ್ನು ಹೇಳಲಿಕ್ಕೆ ಕಾರಣ ಇದೆ. ಪ್ಲಸ್ ಅನ್ನುವ ಮಾದರಿಗೆ ಗಟ್ಟಿ ಪ್ಲಾಸ್ಟಿಕ್ ಕೀಗಳು. ಹೆಸರುವಾಸಿಯಾದ ಆ ರಬ್ಬರ್ ಕೀಬೋರ್ಡನ್ನು ನಾನು ಪತ್ರಿಕೆಯ ಫೋಟೋದಲ್ಲಿ ಬಿಟ್ಟು ಎಲ್ಲೂ ನೋಡಿರಲಿಲ್ಲ. ಹಾಗಾಗಿ ಈ ಡಬ್ಬಿ ಬಿಚ್ಚಿದಾಗ "ಆಹಾ ನನ್ನ ಬಾಲ್ಯ" ಅಂತೆಲ್ಲ ಏನೂ ಆಗಲಿಲ್ಲ. ಬ್ರಿಟನ್ನಿನವರ ಬಾಲ್ಯ ಅದು. ನನಗೆ ಇದು ಅರ್ಧ ಗೊತ್ತಿರುವ, ಅರ್ಧ ಹೊಸ ಮಷಿನ್.

ಪೆಟ್ಟಿಗೆಯಲ್ಲಿ ಎಚ್‌ಡಿಎಂಐ ಕೇಬಲ್, ಕರೆಂಟಿಗೆ ಯುಎಸ್‌ಬಿ ಸಿ ಕೇಬಲ್ ಇವೆ. ಅಡಾಪ್ಟರ್ ಇಲ್ಲ, ಮೊಬೈಲ್ ಚಾರ್ಜರ್ ಸಾಕು. ಜಾಯ್‌ಸ್ಟಿಕ್ ಕೂಡ ಇಲ್ಲ. ಹಳೆಯದಕ್ಕೆ 9 ವೋಲ್ಟ್ ಅಡಾಪ್ಟರ್ ಬೇಕಿತ್ತು. ಒಳಗಿನ 7805 ರೆಗ್ಯುಲೇಟರ್ ಅದನ್ನು 5ಕ್ಕೆ ಇಳಿಸಿ ಉಳಿದದ್ದನ್ನೆಲ್ಲ ಬಿಸಿಯಾಗಿ ಬಿಡುತ್ತಿತ್ತು. ಮೇ ತಿಂಗಳಲ್ಲಿ ಕ್ಲಾಸಿನವರು ಮಷಿನ್ ಮೇಲೆ ಟೇಬಲ್ ಫ್ಯಾನ್ ತಿರುಗಿಸಿ, ಹುಡುಗರನ್ನು ಬೆವರಲು ಬಿಡುತ್ತಿದ್ದರು. ಹೊಸದು ಸಂಜೆಯೆಲ್ಲ ಓಡಿದರೂ ಕೈಗೆ ಬೆಚ್ಚಗೂ ತಾಗುವುದಿಲ್ಲ. ಇನ್ನೊಂದು ಅನುಕೂಲ, ಪವರ್ ಬ್ಯಾಂಕ್ ಮೇಲೂ ನಡೆಯುತ್ತದೆ. ನಾನು ಇನ್ವರ್ಟರ್ ಲೈನಿನಲ್ಲಿ ಒಂದು ಚಿಕ್ಕ ಮಾನಿಟರ್ ಇಟ್ಟುಕೊಂಡಿದ್ದೇನೆ. ಕರೆಂಟ್ ಹೋದರೂ ಬರೆಯುತ್ತಿದ್ದ ಪ್ರೋಗ್ರಾಮ್ ಹೋಗುವುದಿಲ್ಲ. ಆಗ ಕರೆಂಟ್ ಹೋದರೆ ಎರಡು ಗಂಟೆಯ ಟೈಪಿಂಗ್ ನೀರಿಗೆ ಹೋಮ. ಒಂದು ಎಚ್ಚರಿಕೆ: ಸದ್ದು ಬರುವುದು ಎಚ್‌ಡಿಎಂಐ ಮೂಲಕ. ಸ್ಪೀಕರ್ ಇಲ್ಲದ ಮಾನಿಟರ್ ಹಾಕಿದರೆ ಮೂಕಾಟ.

ಈಗ ಕೀಬೋರ್ಡ್. ನಲವತ್ತು ಕೀ, ಬೂದು ರಬ್ಬರ್. ಟಿವಿ ರಿಮೋಟಿನ ಗುಂಡಿ ಒತ್ತಿ ಗೊತ್ತಿದೆಯಲ್ಲ, ಅದೇ ಸ್ಪರ್ಶ. ವೇಗವಾಗಿ ಟೈಪ್ ಮಾಡುವ ಆಸೆ ಬಿಡಿ. ಆದರೆ ಈ ಮಷಿನ್ ವೇಗ ಕೇಳುವುದೂ ಇಲ್ಲ. ಇಲ್ಲಿ ಬೇಸಿಕ್‌ನ ಪ್ರತಿ ಆದೇಶವೂ ಒಂದೊಂದು ಕೀ ಮೇಲೆ ಅಚ್ಚಾಗಿದೆ. ಪಿ ಒತ್ತಿದರೆ ಇಡೀ "ಪ್ರಿಂಟ್" ಬಂದು ಕೂರುತ್ತದೆ, ಜೆ ಒತ್ತಿದರೆ "ಲೋಡ್". ಕರ್ಸರ್ ಜಾಗದಲ್ಲಿ ಕೆ ಅಕ್ಷರ ಮಿಣುಕುತ್ತಿದ್ದರೆ ಮುಂದಿನ ಒತ್ತು ಆದೇಶ ಅಂತ ಅರ್ಥ. ಎಲ್ ಮಿಣುಕಿದರೆ ಸಾದಾ ಅಕ್ಷರ. ಕೀ ಮೇಲುಗಡೆ ಹಸಿರು, ಕೆಳಗಡೆ ಕೆಂಪು ಬಣ್ಣದಲ್ಲಿ ಬರೆದ ಆದೇಶಗಳಿಗೆ ಎರಡೂ ಶಿಫ್ಟ್ ಒಟ್ಟಿಗೆ ಒತ್ತಬೇಕು, ಆಗ ಇ ಮಿಣುಕುತ್ತದೆ. ಮೊದಲ ದಿನ ಸಿಟ್ಟು ಬರುತ್ತದೆ. ಆಮೇಲೆ ಬೆರಳೇ ಕಲಿತುಬಿಡುತ್ತದೆ. ನನ್ನ ಬೆರಳು ಮೂವತ್ತೈದು ವರ್ಷವಾದರೂ "ಲೋಡ್" ಜಾಗ ಮರೆತಿರಲಿಲ್ಲ ನೋಡಿ.

ಎಂಟನೇ ಕ್ಲಾಸಿನ ಮಗಳಿಗೆ ಇದು ಹಿಡಿಸಿತು, ಅದಕ್ಕೆ ಅವಳದೇ ಕಾರಣ: "ಅಪ್ಪಾ, ಇದ್ರಲ್ಲಿ ಸ್ಪೆಲಿಂಗ್ ತಪ್ಪೋ ಚಾನ್ಸೇ ಇಲ್ಲ." ಹೌದಲ್ವಾ! ಸಾಲಿನಲ್ಲಿ ತಪ್ಪಿದ್ದರೆ ಎಂಟರ್ ಒತ್ತಿದ ತಕ್ಷಣ ತಪ್ಪಿದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಮಿಣುಕಿಸುತ್ತದೆ, ಸಾಲನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಆ ಬೇಸಿಕ್ ಬರೆದ ಸ್ಟೀವನ್ ವಿಕರ್ಸ್ ಅವರೇ ಹಳೆಯ ಕೈಪಿಡಿಯನ್ನೂ ಬರೆದಿದ್ದಾರೆ. ಅಂತರ್ಜಾಲದಲ್ಲಿ ಸಿಗುತ್ತದೆ, ಪ್ರಿಂಟ್ ಹಾಕಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಅಕ್ಷರ ಅಕ್ಷರವಾಗಿ ಟೈಪ್ ಮಾಡುವುದೇ ಇಷ್ಟ ಅನ್ನುವವರು ಸೆಟ್ಟಿಂಗ್‌ನಲ್ಲಿ 128ಕೆ ಮಾದರಿಗೆ ಹೋಗಬಹುದು, ಅದರ ಬೇಸಿಕ್‌ನಲ್ಲಿ ಈ ಒಂದು ಕೀ ಪದ್ಧತಿ ಇಲ್ಲ.

ಚಿತ್ರದ ವಿಷಯಕ್ಕೆ ಒಂದು ಕಸುಬಿನ ಮಾತು. ಮೂಲ ಸ್ಪೆಕ್ಟ್ರಮ್ ಸೆಕೆಂಡಿಗೆ 50 ಸಲ ಪರದೆ ಬರೆಯುತ್ತಿತ್ತು, ಪಾಲ್ ಅನ್ನುವ ಟಿವಿ ಪದ್ಧತಿಯ ಲೆಕ್ಕ ಅದು. ನಮ್ಮದೂ ಪಾಲ್ ದೇಶವೇ, ನಮ್ಮ ಟಿವಿಗಳು 50 ಹರ್ಟ್ಸ್ ತಕರಾರಿಲ್ಲದೆ ತಗೊಳ್ಳುತ್ತವೆ. ಈ ಮಷಿನ್‌ನಲ್ಲಿ 50, 60 ಎರಡೂ ಇವೆ. 60ಕ್ಕೆ ಬಿಟ್ಟರೆ ಓಡುವ ಚಿತ್ರ ಅಲ್ಲಲ್ಲಿ ಮುಗ್ಗರಿಸುತ್ತದೆ. 50ಕ್ಕೆ ಹಾಕಿ, ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಅದನ್ನೂ ಹಾಕಿ. ಕೀ ಒತ್ತಿದ್ದಕ್ಕೂ ಪರದೆ ಅಲುಗಿದ್ದಕ್ಕೂ ನಡುವೆ ಇರುವ ತಡ ಕಡಿಮೆಯಾಗುತ್ತದೆ.

ನನ್ನ ದುಡ್ಡು ವಸೂಲಾದ ಕೆಲಸ ಇನ್ನೊಂದು. ಈ ಮಷಿನ್‌ಗೆ ಕನ್ನಡ ಬರುವುದಿಲ್ಲ. ಆದರೆ 21 ಅಕ್ಷರಗಳನ್ನು ನಾವೇ ಬಿಡಿಸಿಕೊಳ್ಳಲು ಜಾಗ ಕೊಟ್ಟಿದೆ. ಒಂದೊಂದು ಅಕ್ಷರ ಅಂದರೆ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕ. ಗಣಿತದ ಚೌಕುಳಿ ನೋಟ್‌ಬುಕ್ಕಿನಲ್ಲಿ ಮಗಳು "ಬಳ್ಳಾರಿ" ಬರೆಯಲು ಕೂತಳು. ತುಂಬಿದ ಚೌಕಕ್ಕೆ 1, ಖಾಲಿಗೆ 0. ಬ ಸಲೀಸಾಗಿ ಕೂತಿತು. ತಳದ ಗೆರೆ 01111110, ಅದರ ಮೇಲೆ ಎರಡು ಬದಿಯ ಗೋಡೆ. ಒಂದೊಂದು ಸಾಲಿಗೂ "ಪೋಕ್", "ಯುಎಸ್‌ಆರ್", "ಬಿನ್" ಅಂತ ಒತ್ತಿ ಆ ಸೊನ್ನೆ ಒಂದುಗಳನ್ನು ಮೆಮೊರಿಗೆ ತುಂಬಬೇಕು. 48ಕೆಯಲ್ಲಿ ಆ ಜಾಗ ಶುರುವಾಗುವುದು ಮೆಮೊರಿಯ 65368 ಅನ್ನುವ ವಿಳಾಸದಿಂದ. ಅಲ್ಲಿಂದ 21 ಅಕ್ಷರ, ಸಾಲಿಗೊಂದರಂತೆ ಎಂಟೆಂಟು ಬೈಟ್, 168 ಬೈಟ್ ಆಗುವಷ್ಟರಲ್ಲಿ ಮೆಮೊರಿಯೇ ಮುಗಿದುಹೋಗುತ್ತದೆ. ಗೋಡೆಗೆ ಅಂಟಿಸಿ ಕಟ್ಟಿದ್ದಾರೆ!

ಕಷ್ಟ ಬಂದದ್ದು ಳ್ಳಾಕ್ಕೆ. ಳಾ ಅಗಲವಾಯಿತು, ಎರಡು ಚೌಕ ಬೇಕಾಯಿತು. ಒತ್ತು ಎಲ್ಲಿಡುವುದು? ಅದೇ ಚೌಕದಲ್ಲಿ ತುರುಕಿದರೆ ಎರಡೂ ಸೇರಿ ಕಪ್ಪು ಮುದ್ದೆ. ಕೊನೆಗೆ ಒತ್ತಿಗೆ ಕೆಳಗಿನ ಸಾಲಿನಲ್ಲಿ ಬೇರೆ ಚೌಕ ಕೊಟ್ಟಳು. ರಿಯ ಗುಡಿಸಿಗೆ ಮೇಲಿನ ಎರಡು ಸಾಲು ಬಿಟ್ಟು, ರ ಅನ್ನು ಕುಳ್ಳಗೆ ಮಾಡಿದಳು. ಒಟ್ಟು ಐದು ಚೌಕದಲ್ಲಿ ಊರ ಹೆಸರು ಬಂತು. ಉಳಿದದ್ದು ಹದಿನಾರು. ಇಷ್ಟರಲ್ಲಿ 49 ಅಕ್ಷರದ ವರ್ಣಮಾಲೆಯೇ ಹಿಡಿಸುವುದಿಲ್ಲ, ಕಾಗುಣಿತದ ಮಾತು ದೂರ. ಅದಕ್ಕೆ ಬೇರೆ ದಾರಿ ಇದೆ. ಮೆಮೊರಿಯ 23606 ಮತ್ತು 23607ನೇ ವಿಳಾಸದಲ್ಲಿರುವ ಸಂಖ್ಯೆ ಬದಲಿಸಿದರೆ ಮಷಿನ್ ತನ್ನ ಇಂಗ್ಲಿಷ್ ಅಕ್ಷರಗಳ ಬದಲು ನಾವು ಬಿಡಿಸಿದ 96 ಅಕ್ಷರಗಳ ಪಟ್ಟಿ ನೋಡುತ್ತದೆ. ಅದು ದಸರಾ ರಜೆಯ ಕೆಲಸ ಅಂತ ಇಟ್ಟಿದ್ದೇವೆ.

ಬಣ್ಣದಲ್ಲಿ ಮಜಾ ಬಂತು. ಸ್ಪೆಕ್ಟ್ರಮ್ ಪರದೆ 256 ಚುಕ್ಕಿ ಅಗಲ, 192 ಎತ್ತರ. ಆದರೆ ಬಣ್ಣ ಮಾತ್ರ ಚುಕ್ಕಿಗೊಂದು ಇಲ್ಲ, ಎಂಟಕ್ಕೆ ಎಂಟರ ಚೌಕಕ್ಕೆ ಎರಡೇ, ಅಕ್ಷರಕ್ಕೊಂದು ಹಿನ್ನೆಲೆಗೊಂದು. ಹಾಗೆ ಮಾಡಿದ್ದಕ್ಕೇ ಪೂರ್ತಿ ಪರದೆ ಬಣ್ಣ ಸಮೇತ 6912 ಬೈಟಿನಲ್ಲಿ ಮುಗಿಯಿತು. ನಮ್ಮ ಒತ್ತು ಬೇರೆ ಚೌಕದಲ್ಲಿದೆಯಲ್ಲ, ಮಗಳು ಮೇಲಿನ ಳಾ ಹಳದಿ ಮಾಡಿ, ಒತ್ತಿಗೆ ಕೆಂಪು ಹಾಕಿದಳು, ಬಾವುಟದ ಬಣ್ಣ. ಚೆನ್ನಾಗಿ ಕಂಡಿತು. ಆಮೇಲೆ ಹೆಸರಿನ ಸುತ್ತ ನೀಲಿ ವೃತ್ತ ಎಳೆಯಲು ಹೋದಳು. ವೃತ್ತ ಬ ಮತ್ತು ರಿಯ ಅಂಚು ಸವರಿಕೊಂಡು ಹೋಯಿತು. ಅಷ್ಟಕ್ಕೇ ಆ ಎರಡು ಅಕ್ಷರ ಇಡಿಯಾಗಿ ನೀಲಿ! "ಅಪ್ಪಾ, ಕೆಟ್ಟೋಯ್ತು" ಅಂತ ಕೂಗಿದಳು. ಕೆಟ್ಟಿಲ್ಲ ಕಣೇ, 1982ರಿಂದ ಹಾಗೇ ಇದೆ. ಈ ಬಣ್ಣದ ಜಗಳವನ್ನೂ ಹೊಸ ಮಷಿನ್‌ನಲ್ಲಿ ಚಾಚೂ ತಪ್ಪದೆ ತಂದಿದ್ದಾರೆ, ಅದಕ್ಕೆ ಪೂರ್ತಿ ಅಂಕ.

ಆಟಗಳು 48 ಒಳಗೇ ಇವೆ. 1983ರ ಮ್ಯಾನಿಕ್ ಮೈನರ್ ಇದೆ. ಗಣಿಯೊಳಗೆ ಕೀಲಿ ಆರಿಸುವ ಆಟ, ಗಣಿ ಊರಿನವರಿಗೆ ಹೇಳಿ ಮಾಡಿಸಿದ್ದು. ಸತ್ತರೆ ಕೆಲವು ಸೆಕೆಂಡು ಹಿಂದಕ್ಕೆ ಓಡಿಸುವ ಸವಲತ್ತು ಕೊಟ್ಟಿದ್ದಾರೆ, ಬೇಕಾದ ಜಾಗದಲ್ಲಿ ಉಳಿಸಿಕೊಳ್ಳಲೂಬಹುದು. ಇವಿಲ್ಲದಿದ್ದರೆ ಈಗಿನ ಮಕ್ಕಳು ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಬೇರೆ ಆಟಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಓಡಿಸಬಹುದು. ಆಟದ ಬಗ್ಗೆ ಇಷ್ಟು ಸಾಕು.

ಈಗ ನನ್ನ ತಕರಾರು. ಹಳೆಯದರ ಬೆನ್ನಿಗೆ ಎರಡು ಕಿಂಡಿ ಇರುತ್ತಿದ್ದವು: ಇಯರ್, ಮೈಕ್. ಟೇಪ್ ರೆಕಾರ್ಡರ್‌ನ ವೈರ್ ಅಲ್ಲಿ ಚುಚ್ಚಬೇಕು. ಪಕ್ಕದಲ್ಲಿ ಸರ್ಕ್ಯೂಟ್ ಬೋರ್ಡಿನ ಅಂಚೇ ಹೊರಗೆ ಕಾಣುವ ಉದ್ದ ಸಂದು, ಪ್ರಿಂಟರೋ ಜಾಯ್‌ಸ್ಟಿಕ್ಕೋ ನಾವೇ ಮಾಡಿದ ರಿಲೇ ಬೋರ್ಡೋ ಸಿಕ್ಕಿಸಲಿಕ್ಕೆ. ಹೊಸದರಲ್ಲಿ ಎರಡೂ ಇಲ್ಲ. ಯುಎಸ್‌ಬಿ ಕಿಂಡಿ, ಎಚ್‌ಡಿಎಂಐ, ಒಂದು ಹೋಮ್ ಗುಂಡಿ, ಮುಗಿಯಿತು. ನನ್ನ ಹತ್ತಿರ ಕ್ಲಾಸಿನ ದಿನಗಳ ಕ್ಯಾಸೆಟ್ ಇವೆ. ಅವನ್ನು ಈ ಮಷಿನ್‌ಗೆ ಕೇಳಿಸುವುದು ಹೇಗೆ?

ಸುತ್ತುದಾರಿ ಒಂದಿದೆ, ಕ್ಯಾಸೆಟ್ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ಮೊದಲು ಕ್ಯಾಸೆಟ್ ಓಡಿಸುವ ಡೆಕ್ ಸರಿ ಮಾಡಿಕೊಳ್ಳಿ. ನಮ್ಮ ಕಡೆಯ ಬಿಸಿಲಿಗೆ ಒಳಗಿನ ಬೆಲ್ಟ್ ಕರಗಿ ಡಾಂಬರಾಗಿರುತ್ತದೆ. ಹಳೆಯದನ್ನು ಸ್ಪಿರಿಟ್‌ನಲ್ಲಿ ಒರೆಸಿ ತೆಗೆದು ಹೊಸದು ಹಾಕಿ. ಟೇಪ್ ಓದುವ ಹೆಡ್ಡನ್ನೂ ಅದೇ ಸ್ಪಿರಿಟ್‌ನಿಂದ ಒರೆಸಿ. ಆಮೇಲೆ ಹೆಡ್ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂ. ಕ್ಯಾಸೆಟ್ ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಕೀರಲು ಧ್ವನಿ ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಇದು ಯಾಕೆ ಮುಖ್ಯ ಅಂದರೆ, ಟೇಪಿನಲ್ಲಿ 0 ಅಂದರೆ ಚಿಕ್ಕ ಅಲೆ, 1 ಅಂದರೆ ಅದರ ಎರಡು ಪಟ್ಟು ಉದ್ದದ ಅಲೆ. ಸೆಕೆಂಡಿಗೆ ಸುಮಾರು 1500 ಹೀಗೆ ಓಡುತ್ತವೆ. ಹೆಡ್ ಓರೆಯಾದರೆ ಚಿಕ್ಕ ಅಲೆ ಮಂಕಾಗಿ 0 ಯಾವುದು 1 ಯಾವುದು ತಿಳಿಯುವುದಿಲ್ಲ. ಟೇಪಿನ ಒಂದೊಂದು ಬ್ಲಾಕಿನ, ಅಂದರೆ ಕಂತಿನ, ಕೊನೆಗೆ ತಾಳೆ ನೋಡಲು ಒಂದು ಬೈಟ್ ಇರುತ್ತದೆ. ಅದು ಕೂಡಿಬರದಿದ್ದರೆ ಐದು ನಿಮಿಷ ಕಾದವನ ಮುಖಕ್ಕೆ "ಆರ್ ಟೇಪ್ ಲೋಡಿಂಗ್ ಎರರ್". ಆ ಕಾಲದಲ್ಲಿ ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ದಪ್ಪ ಪಟ್ಟೆ, ಆಮೇಲೆ ನೀಲಿ ಹಳದಿ ಸಣ್ಣ ಪಟ್ಟೆ ಓಡುತ್ತಿದ್ದವು. ಹಳದಿ ಪಟ್ಟೆ ನಡುಗುವ ರೀತಿ ನೋಡಿಯೇ ಇದು ಏರುತ್ತದೋ ಇಲ್ಲವೋ ಅಂತ ಕ್ಲಾಸಿನ ಹುಡುಗರು ಪಂದ್ಯ ಕಟ್ಟುತ್ತಿದ್ದರು.

ಡೆಕ್ ಸರಿಯಾದ ಮೇಲೆ ಲೈನ್ ಔಟ್‌ನಿಂದ ಲ್ಯಾಪ್‌ಟಾಪಿಗೆ ವೈರ್ ಕೊಟ್ಟು ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿ. ಎಂಪಿ3 ಬೇಡ, ಅಲೆಯ ಅಂಚು ತಿಂದುಹಾಕುತ್ತದೆ. ಅದನ್ನು ಈ ಮಷಿನ್ ಓದುವ ಟ್ಯಾಪ್ ಅಥವಾ ಟಿಜೆಡ್‌ಎಕ್ಸ್ ಫೈಲ್ ಮಾಡುವ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ. ಫೈಲ್ ಪೆನ್‌ಡ್ರೈವ್‌ಗೆ, ಪೆನ್‌ಡ್ರೈವ್ ಮಷಿನ್‌ಗೆ. ನನ್ನದೊಂದು ಹಳೆಯ ಪ್ರೋಗ್ರಾಮ್ ಹೀಗೆ ಎದ್ದು ಬಂತು, ಹತ್ತಿ ಮಂಡಿಯ ಬಿಲ್ ಹಾಕುವುದು. ಸಾಲುಗಳನ್ನು ನೋಡಲು ಲಿಸ್ಟ್ ಹೊಡೆದೆ. ತೂಕ, ದಲಾಲಿ, ಚೀಲಕ್ಕೆ ಹಮಾಲಿ 75 ಪೈಸೆ. ಕೆಳಗೆ ಒಂದು ರೆಮ್ ಸಾಲಿನಲ್ಲಿ, ಅಂದರೆ ಮಷಿನ್ ಲೆಕ್ಕಕ್ಕೆ ತಗೊಳ್ಳದ ಟಿಪ್ಪಣಿಯಲ್ಲಿ, ನಮ್ಮ ಆಗಿನ ಮಾಸ್ತರರಿಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಬೈಗುಳ. ಮಗಳು ಓದುವ ಮೊದಲೇ ಆ ಸಾಲು ಅಳಿಸಿದೆ. ಇಷ್ಟೆಲ್ಲ ಸರ್ಕಸ್ ಯಾಕೆ ಬೇಕಿತ್ತು? ಒಂದು 3.5 ಮಿಲಿಮೀಟರ್ ಜ್ಯಾಕ್ ಹಾಕಿದ್ದರೆ ಆಗುತ್ತಿತ್ತು. ಹತ್ತು ರೂಪಾಯಿ ಸಾಮಾನು ಸ್ವಾಮಿ.

ಇಯರ್ ಕಿಂಡಿ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಒಳಗಿದೆ. ಹಳೆಯದರಲ್ಲಿ ಜೆಡ್80 ಒಂದು, ಫೆರಾಂಟಿ ಕಂಪನಿ ಮಾಡಿದ ಯುಎಲ್‌ಎ ಚಿಪ್ ಒಂದು. ಪರದೆ, ಕೀಬೋರ್ಡ್, ಟೇಪ್, ಸದ್ದು ಎಲ್ಲ ಆ ಯುಎಲ್‌ಎ ತಲೆ ಮೇಲೆ. ಹೊಸದರಲ್ಲಿ ಎರಡೂ ಇಲ್ಲ. ಮೊಬೈಲಿನಲ್ಲಿರುವಂಥ ಆರ್ಮ್ ಚಿಪ್ ಮೇಲೆ ಸಾಫ್ಟ್‌ವೇರೇ ಜೆಡ್80ಯ ಸೋಗು ಹಾಕುತ್ತದೆ. ಇಲ್ಲೊಂದು ತಮಾಷೆ ಇದೆ. ಆರ್ಮ್ ಹುಟ್ಟಿದ್ದು ಏಕಾರ್ನ್ ಕಂಪನಿಯಲ್ಲಿ, 1985ರಲ್ಲಿ. ಬಿಬಿಸಿ ಮೈಕ್ರೋ ಅನ್ನುವ ಕಂಪ್ಯೂಟರ್ ಮಾಡಿದ ಏಕಾರ್ನ್ ಆಗ ಸಿಂಕ್ಲೇರ್‌ನ ಬದ್ಧ ಎದುರಾಳಿ. ಸಿಂಕ್ಲೇರ್ ತನ್ನ ಕಂಪ್ಯೂಟರ್ ವ್ಯಾಪಾರವನ್ನು 1986ರಲ್ಲಿ ಆಮ್‌ಸ್ಟ್ರಾಡ್ ಕಂಪನಿಗೆ ಮಾರಿತು. ಎದುರಾಳಿಯ ಚಿಪ್ ಮಾತ್ರ ಈಗ ಸ್ಪೆಕ್ಟ್ರಮ್ ಹೊಟ್ಟೆಯೊಳಗೆ ಕೂತು ಸ್ಪೆಕ್ಟ್ರಮ್ ವೇಷ ಕಟ್ಟುತ್ತಿದೆ.

ಬಿಚ್ಚಿ ನೋಡಬೇಕು ಅಂತ ಕೈ ತುರಿಸುತ್ತದೆ. ಮಗಳು ಸ್ಕ್ರೂಡ್ರೈವರ್ ಬಚ್ಚಿಟ್ಟಿದ್ದಾಳೆ.

ಸೋಗು ಬೇಡ, ಸರ್ಕ್ಯೂಟೇ ಬೇಕು ಅನ್ನುವವರಿಗೆ ಸ್ಪೆಕ್ಟ್ರಮ್ ನೆಕ್ಸ್ಟ್ ಅಂತ ಇದೆ. ಎಫ್‌ಪಿಜಿಎ ಅನ್ನುವ, ಒಳಗಿನ ಸರ್ಕ್ಯೂಟನ್ನು ಬೇಕಾದ ಹಾಗೆ ಕಟ್ಟಿಕೊಳ್ಳಬಹುದಾದ ಚಿಪ್‌ನೊಳಗೆ ಹಳೆಯ ಸರ್ಕ್ಯೂಟನ್ನೇ ಮತ್ತೆ ಕಟ್ಟಿದ ಮಷಿನ್ ಅದು. 2017ರಲ್ಲಿ ಜನರಿಂದ ಮುಂಗಡ ದುಡ್ಡು ಎತ್ತಿ ಶುರು ಮಾಡಿದ್ದು. ಮೊದಲ ಸ್ಪೆಕ್ಟ್ರಮ್‌ನ ಮೈ ವಿನ್ಯಾಸ ಮಾಡಿದ ರಿಕ್ ಡಿಕಿನ್‌ಸನ್ ಅವರೇ ಅದಕ್ಕೂ ಮಾಡಿದ್ದಾರೆ. ಬೋರ್ಡಿನ ಅಂಚಿನ ಸಂದು, ಟೇಪ್ ಕಿಂಡಿ ಅದರಲ್ಲಿವೆ. ಬೆಲೆ ಮಾತ್ರ ಇದರ ಹಲವು ಪಟ್ಟು. ದುಡ್ಡೇ ಬೇಡ ಅನ್ನುವವರಿಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಲ್ಲಾ ಯಾವುದಾದರೂ ಹಳೇ ಲ್ಯಾಪ್‌ಟಾಪ್ ಮೇಲೆ ಫ್ಯೂಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಕೆಲಸ ಇಷ್ಟೇ ಚೆನ್ನಾಗಿ ಮಾಡುತ್ತದೆ. ಆದರೆ ಆ ಕೀಬೋರ್ಡ್ ಇರುವುದಿಲ್ಲ. ಲ್ಯಾಪ್‌ಟಾಪಿನ ಕೀ ಮೇಲೆ ಹಸಿರು ಕೆಂಪು ಆದೇಶ ಎಲ್ಲಿಂದ ಬರಬೇಕು? ನಾನು ಮೊದಲು ಫ್ಯೂಸ್‌ನಲ್ಲೇ ಮಗಳಿಗೆ ತೋರಿಸಿದ್ದೆ, ಅವಳು ತಿರುಗಿ ನೋಡಿರಲಿಲ್ಲ. ಅದೇ ಬೇಸಿಕ್ ಈ ಡಬ್ಬಿಯಲ್ಲಿ ಕಂಡಾಗ ಕೂತಳು.

ತರಿಸುವುದಾದರೆ ಹೊರದೇಶದಿಂದ ಬರುವ ಯಾರಾದರೂ ನೆಂಟರಿಗೆ ಹೇಳಿ. ಪಾರ್ಸೆಲ್ ಮಾಡಿಸಿದರೆ ಸಾಗಾಣಿಕೆ, ಸುಂಕ ಸೇರಿ ಬೆಲೆ ಎಲ್ಲೋ ಹೋಗಿ ನಿಲ್ಲುತ್ತದೆ. ಬಂದ ಮೇಲೆ ಧೂಳು ನೋಡಿಕೊಳ್ಳಿ. ನಮ್ಮೂರ ಕೆಂಪು ಧೂಳು ಆ ರಬ್ಬರ್ ಕೀಗಳ ಸಂದಿಯಲ್ಲಿ ಕೂತರೆ ಪೇಂಟ್ ಬ್ರಷ್‌ಗೂ ಬಗ್ಗುವುದಿಲ್ಲ. ನಮ್ಮ ಓಣಿಯ ಜೀನ್ಸ್ ಹೊಲಿಯುವವರ ಹತ್ತಿರ ಉಳಿದ ತುಂಡಿನಲ್ಲಿ ಒಂದು ಕವರ್ ಹೊಲಿಸಿದ್ದೇನೆ, ಪೆನ್‌ಡ್ರೈವ್ ಇಡಲು ಹಿಂದೆ ಜೇಬು ಸಮೇತ. ಹೊಲಿಗೆಗೆ ದುಡ್ಡು ತಗೊಳ್ಳಲಿಲ್ಲ. ಅವರ ಆಂಪ್ಲಿಫೈಯರ್ ನನ್ನ ಅಂಗಡಿಯಲ್ಲಿ ಬಿದ್ದು ಬಹಳ ದಿನ ಆಗಿದೆ, ಅದರ ಲೆಕ್ಕದಲ್ಲಿ ವಜಾ ಮಾಡಿ ಅಂದರು.